ಬೇಸಿಗೆಗೆ ನಾಲ್ಕು ಫ್ರಾಕು

ಫೆಬ್ರವರಿ 4

ಅಮ್ಮಾ,

ಅಂತೂ ರೂಮು ಸಿಕ್ಕಿತು. ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ನಾಲ್ಕು ಹೆಂಗಸರ ನಡುವೆ ಮಲಗುತ್ತಿದ್ದೆನಲ್ಲ, ಅದು ಮುಗಿಯಿತು. ಇದು ಮೂರನೇ ಮಹಡಿ, ಅದರ ಮೇಲೆ ಬರೀ ತಾರಸಿ. ಇರುವುದೊಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಮಧ್ಯಾಹ್ನ ಎರಡಾಯಿತೆಂದರೆ ಬಿಸಿಲು ನೇರವಾಗಿ ಮಂಚದ ಮೇಲೆ ಬೀಳುತ್ತದೆ. ನೆಲ ಸಿಮೆಂಟಿನದು, ಬಲ್ಬು ಬೋಳು, ಗೋಡೆಯ ಮೇಲೆ ಬಾಗಿಲಗಲದ ಒಂದು ಕಲೆ. ಹಿಂದೆ ಇದ್ದವರು ಅಲ್ಲಿ ಏನು ಒರಗಿಸಿ ಇಟ್ಟಿದ್ದರೋ ದೇವರಿಗೇ ಗೊತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಹೇಳುತ್ತೇನೆ, ನೀನು ಇನ್ನೊಂದಕ್ಕೆ ಉತ್ತರ ಕೊಡುತ್ತೀಯ, ಕೊನೆಗೆ ಇಬ್ಬರಿಗೂ ಸಿಟ್ಟು. ಗಾರ್ಮೆಂಟ್ಸಿನ ಮಷಿನುಗಳು ನಿನ್ನ ಕಿವಿ ತಿಂದು ಹಾಕಿದವು. ಅದಕ್ಕೇ ಕಾಗದ.

ಮಾತು ನೆನಪಿದೆ ತಾನೆ? ರಜೆ ಬಿಟ್ಟ ಕೂಡಲೇ ಬಾಬಿನ್ ಇಲ್ಲಿಗೆ ಬರುತ್ತಾಳೆ. ಬೇಸಿಗೆ ಪೂರ್ತಿ ನನ್ನ ಜೊತೆ ಇದ್ದು ಅವಳಿಗೆ ಹೊಂದಿಕೆಯಾದರೆ ಜೂನಿನಿಂದ ಇಲ್ಲೇ ಶಾಲೆ. ಆಗದಿದ್ದರೆ ವಾಪಸ್ಸು ನಿನ್ನ ಹತ್ತಿರ, ನಾನು ಮತ್ತೆ ಕೇಳುವ ಹಾಗಿಲ್ಲ. ನೀನು ಹಾಕಿದ ಕರಾರು, ನಾನು ಒಪ್ಪಿದೆ. ಮೂರು ವರ್ಷದ ಮಗಳನ್ನು ನಿನ್ನ ಮಡಿಲಿಗೆ ಹಾಕಿ ಕೆಲಸಕ್ಕೆ ಬಂದವಳು ನಾನು. ಈಗ ಅವಳಿಗೆ ಏಳೂವರೆ. ಅವಳಪ್ಪನಂತೂ ಹೋದವನು ಹೋದ. ನಾನೂ ಹೋದವಳೇ ಅಂತ ಅವಳು ಅಂದುಕೊಳ್ಳುವ ಮೊದಲು ಅವಳು ನನಗೆ ಬೇಕು.

ಅದಕ್ಕೆ ಈ ರೂಮು ಒಂದು ಮನೆಯ ಹಾಗೆ ಕಾಣಬೇಕು. ಕೊಂಡು ತುಂಬಿಸುವ ಶಕ್ತಿ ನನಗಿಲ್ಲ. ಆದರೆ ಹೋಟೆಲಿನ ಬಟ್ಟೆಕೋಣೆಯ ಮೇಲ್ವಿಚಾರಕಿ ನನಗೆ ಹದಿಮೂರು ಹಳೇ ಹಾಸುಬಟ್ಟೆ ಕೊಟ್ಟಿದ್ದಾರೆ. ನಡುವೆ ಸವೆದು ಜರಡಿಯಾಗಿವೆ, ಅಂಚು ಮಾತ್ರ ಗಟ್ಟಿ. ಇದರಲ್ಲಿ ಏನೇನು ಮಾಡಬಹುದು, ಬರಿ. ಬಾಬಿನ್‌ಗೆ ನಾಲ್ಕು ಬೇಸಿಗೆ ಫ್ರಾಕು ನಾನೇ ಹೊಲಿಯುತ್ತೇನೆ. ಅವಳ ಅಳತೆ ಕಳಿಸು. ಹೋದ ವರ್ಷ ಎರಡು ದಿನಕ್ಕೆ ಬಂದಾಗ ನೋಡಿದ್ದು, ನನ್ನ ಅಂದಾಜು ನಂಬುವ ಹಾಗಿಲ್ಲ.

ದಿನವಿಡೀ ನಿಂತು ಇಸ್ತ್ರಿ ಮಾಡುವ ನಿನ್ನ
ಮಗಳು


ಫೆಬ್ರವರಿ 15

ಮಗಳೇ,

ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಬಾಬಿನ್ ಹತ್ತಿರ ಓದಿಸೋಣವೆಂದುಕೊಂಡೆ, ಆಮೇಲೆ ಬೇಡವೆನ್ನಿಸಿ ನಾನೇ ಓದಿದೆ. ಅಂದ ಹಾಗೆ ನೀನೂ ಅವಳನ್ನು ಬಾಬಿನ್ ಅನ್ನತೊಡಗಿದೆಯಾ! ಮಷಿನಿನೊಳಗಿನ ದಾರದ ಬಾಬಿನ್ನಿನ ಹಾಗೆ ಒಂದು ಕಡೆ ನಿಲ್ಲದೆ ಗಿರಗಿರ ತಿರುಗುತ್ತಾಳೆಂದು ನಾನು ಅಂದದ್ದು. ನೀವು ಇಟ್ಟ ಹೆಸರು ಈಗ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಈಗ ಕೆಲಸದ ಮಾತು. ಹಾಸುಬಟ್ಟೆಯನ್ನು ಉದ್ದಕ್ಕೆ ಸರಿಯಾಗಿ ನಡುವೆ ಸೀಳು. ಎರಡೂ ಹೊರ ಅಂಚುಗಳನ್ನು ಒಳಕ್ಕೆ ತಂದು ಒಂದಕ್ಕೊಂದು ಸೇರಿಸಿ ಹೊಲಿ. ಗಟ್ಟಿಯದು ನಡುವೆ ಬಂತು, ಸವೆದದ್ದು ಬದಿಗೆ ಹೋಯಿತು. ಆ ಸವೆದ ಬದಿಯನ್ನು ಕತ್ತರಿಸಿ ತೆಗೆದರೆ ಮಂಚಕ್ಕೆ ಹೊದಿಕೆ ಸಿದ್ಧ. ಹಾಗೆಂದು ಕತ್ತರಿಸಿದ್ದನ್ನು ಎಸೆಯಬೇಡ. ಪಟ್ಟಿ ಮಾಡಿ, ಮೂರೆಳೆ ಜಡೆ ಹೆಣೆದು, ಚಕ್ರದ ಹಾಗೆ ಸುತ್ತುತ್ತಾ ಹೊಲಿದರೆ ನೆಲಕ್ಕೆ ಚಾಪೆ. ಸಿಮೆಂಟಿನ ಮೇಲೆ ಬರಿಗಾಲು ಇಡಬಾರದು.

ಕಿಟಕಿಗೆ ಬಿಳಿ ಬೇಡ, ಪಡುವಣದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಹೋಟೆಲಿನ ಅಡಿಗೆಯವನನ್ನು ಕೇಳಿ ಈರುಳ್ಳಿ ಸಿಪ್ಪೆ ತಂದು ಒಂದು ತಾಸು ಕುದಿಸು, ಸೋಸು, ಚೂರು ಪಟಿಕ ಹಾಕು, ಪರದೆ ಬಟ್ಟೆ ಮುಳುಗಿಸು. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿರಬೇಕು. ಒಣ ಬಟ್ಟೆ ಮುಳುಗಿಸಿದರೆ ಬಣ್ಣ ಒಂದೊಂದು ಕಡೆ ಒಂದೊಂದು ಥರ ಹಿಡಿಯುತ್ತದೆ. ಇದನ್ನು ಎರಡು ಸಲ ಓದು, ನಿನಗೆ ಆತುರ ಜಾಸ್ತಿ. ಬಲ್ಬಿಗಾದರೆ ತೆಳು ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಊದಿದ ಬಲೂನಿನ ಮೇಲೆ ಹೊದಿಸು. ಒಣಗಿದ ಮೇಲೆ ಬಲೂನು ಒಡೆದರೆ ಬುಟ್ಟಿಯಂಥದು ಉಳಿಯುತ್ತದೆ. ಬಲ್ಬಿಗೆ ತಾಗದ ಹಾಗೆ ಕಟ್ಟು, ಮನೆ ಸುಟ್ಟುಕೊಂಡು ನನ್ನ ಹೆಸರು ಹೇಳಬೇಡ.

ಫ್ರಾಕಿಗೆ ತೋಳು ಬೇಡ. ಕುತ್ತಿಗೆ ಅಗಲ, ಕಂಕುಳು ಸಡಿಲ, ಗಾಳಿಯಾಡಬೇಕು. ಕೆಳಗೆ ನಾಲ್ಕು ಬೆರಳು ಒಳಕ್ಕೆ ಮಡಚಿ ಹೊಲಿ, ಬದಿಯಲ್ಲೂ ಬಟ್ಟೆ ಬಿಟ್ಟಿರು. ಬೆಳೆಯುವ ಮಗುವಿನ ಬಟ್ಟೆಯಲ್ಲಿ ಬಿಚ್ಚಿ ದೊಡ್ಡದು ಮಾಡಲು ಜಾಗ ಇರಬೇಕು. ಅಳತೆ ಆಮೇಲೆ ಕಳಿಸುತ್ತೇನೆ. ಅವಳು ಒಂದು ಕಡೆ ನಿಲ್ಲಬೇಕಲ್ಲ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಜನ ಹರಿದದ್ದು, ಬಿಗಿಯಾದದ್ದು ತರುತ್ತಾರೆ, ನಾನು ಸರಿ ಮಾಡಿ ಕೊಡುತ್ತೇನೆ. ಬೆನ್ನು ಸಂಜೆಗೆ ನನ್ನ ಮಾತು ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು,
ಅಮ್ಮ


ಮಾರ್ಚ್ 3

ಅಮ್ಮಾ,

ಎರಡು ಸಲ ಓದಿದೆ. ಆದರೂ ಒಣ ಬಟ್ಟೆಯನ್ನೇ ಮುಳುಗಿಸಿದೆ. ಕೆಲಸ ಮುಗಿಸಿ ಬಂದಿದ್ದೆ, ಸಿಪ್ಪೆ ನೀರು ತಣ್ಣಗಾಗುತ್ತಿದೆ ಅನ್ನುವ ಗಡಿಬಿಡಿಯಲ್ಲಿ ತಲೆಗೇ ಹೋಗಲಿಲ್ಲ. ಪರದೆ ಒಂದು ಕಡೆ ಜೇನಿನ ಬಣ್ಣ, ಒಂದು ಕಡೆ ಕೆಮ್ಮಣ್ಣು. ಅಳುವುದೊಂದು ಬಾಕಿ. ಮಾರನೇ ದಿನ ಮೇಲ್ವಿಚಾರಕಿಗೆ ತೋರಿಸಿದರೆ, "ಅಯ್ಯೋ, ಈಗ ಇದೇ ಫ್ಯಾಷನ್ನು ಕಣೇ, ಬೇಕಂತಲೇ ಹೀಗೆ ಮಾಡಿಸ್ತಾರೆ" ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ, ನಾನು ನಿಜವೆಂದುಕೊಂಡು ತೂಗುಹಾಕಿದೆ.

ಪರದೆಯನ್ನು ನೆಲಕ್ಕೆ ತಾಗುವಷ್ಟು ಉದ್ದ ಮಾಡಿದ್ದೇನೆ. ಕಿಟಕಿ ಸೊಂಟದವರೆಗೆ ಮಾತ್ರ, ಬಟ್ಟೆ ದಂಡವೆಂದು ನೀನು ಮೂಗು ಮುರಿಯುತ್ತೀಯ, ಗೊತ್ತು. ಹೋಟೆಲಿನ ಒಳ್ಳೆಯ ಕೋಣೆಗಳಲ್ಲಿ ಹಾಗಿರುತ್ತದೆ ಅಮ್ಮಾ. ದಿನಾ ನೋಡಿ ನೋಡಿ ನನಗೂ ಒಂದು ಬೇಕೆನ್ನಿಸಿತು.

ಬಲೂನು ಮೂರು ಸಲ ಒಡೆಯಿತು. ನಾಲ್ಕನೆಯದು ನಿಂತಿದೆ, ಒಂದು ಕೆನ್ನೆ ತಗ್ಗು. ಚಾಪೆ ಇನ್ನೂ ತಟ್ಟೆಯಗಲ. ಕೂತು ಎರಡು ಸುತ್ತು ಹಾಕುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ, ಸೂಜಿ ಕೈಯಲ್ಲೇ ಇರುತ್ತದೆ. ಹೋಟೆಲಿನ ಕೆಲಸ ಮೊದಲು ಹೀಗೆ ಜೀವ ಹಿಂಡುತ್ತಿರಲಿಲ್ಲ. ಬೇಸಿಗೆ ಬಂತಲ್ಲ, ಇಸ್ತ್ರಿಯ ಉಗಿ ಒಂದು, ಹೊರಗಿನ ಸೆಕೆ ಒಂದು.

ಕೆಳಗಿನ ಮನೆಯಲ್ಲಿ ನಿವೃತ್ತಿಯಾದ ನರ್ಸಮ್ಮ ಒಬ್ಬರೇ ಇದ್ದಾರೆ. ನಾನು ಕೆಲಸಕ್ಕೆ ಹೋದಾಗ ಬಾಬಿನ್‌ನ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಅವರ ಹೊಲಿಗೆ ಮಷಿನು ಸಹ ನನಗೆ ಬಿಟ್ಟಿದ್ದಾರೆ. ಇನ್ನು ಬೇಕಿರುವುದು ಅಳತೆ. ಕಳಿಸು ಅಮ್ಮಾ, ಒಂದು ನಿಮಿಷದ ಕೆಲಸ ಅದು ನಿನಗೆ.

ನಿನ್ನ
ಮಗಳು


ಮಾರ್ಚ್ 17

ಮಗಳೇ,

ಅಳತೆ ದಾರ ಕವರಿನಲ್ಲಿ ಇಟ್ಟಿದ್ದೇನೆ. ತುದಿಯಿಂದ ಮೊದಲ ಗಂಟಿಗೆ ಭುಜ, ಎರಡನೆಯದಕ್ಕೆ ಎದೆ, ಮೂರನೆಯದಕ್ಕೆ ಉದ್ದ. ಚಿಕ್ಕವಳಿದ್ದಾಗ ನನ್ನ ಜೊತೆ ಕೂತು ನೋಡಿದ್ದೀಯ, ಮತ್ತೆ ಹೇಳುವುದು ಬೇಡ.

ಅವಳಿಗೆ ಪರೀಕ್ಷೆ ಇದೆ. ನನಗೆ ಬರೆಯಲು ಬಿಡುವಿಲ್ಲ.

ಅಮ್ಮ


ಏಪ್ರಿಲ್ 5

ಅಮ್ಮಾ,

ನಾಲ್ಕೂ ಮುಗಿದವು! ಎರಡು ಭಾನುವಾರ ಹಿಡಿಯಿತು. ಬಿಳಿ ಬಟ್ಟೆ, ಜೇಬಿಗೆ ಮಾತ್ರ ಹೋಟೆಲಿನ ಹಳೇ ದಿಂಬಿನ ಚೀಲದ ನೀಲಿ ಅಂಚು ಹಚ್ಚಿದೆ. ನರ್ಸಮ್ಮ ಒಂದನ್ನು ಎತ್ತಿ ಹಿಡಿದು, "ಅಂಗಡೀದು ಅಂದ್ರೆ ನಂಬ್ತೀನಮ್ಮ" ಎಂದರು. ಆ ದಿನ ಎರಡು ಮೆಟ್ಟಿಲು ಒಟ್ಟಿಗೆ ಹತ್ತಿ ಮೇಲೆ ಬಂದೆ.

ನೀನು ಬೈಯಬಾರದು, ಒಂದು ವಿಷಯದಲ್ಲಿ ನಿನ್ನ ಮಾತು ಕೇಳಲಿಲ್ಲ. ಕೆಳಗೆ ನಾಲ್ಕು ಬೆರಳು ಮಡಚಿದರೆ ಫ್ರಾಕು ಭಾರವಾಗಿ ಜೋಲುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಬರೀ ಒಂದು ಉಗುರಿನಷ್ಟು ಮಡಚಿದ್ದೇನೆ. ಬದಿಯಲ್ಲೂ ಅಷ್ಟೇ. ದಾರದ ಅಳತೆಗೆ ಸರಿಯಾಗಿ, ಮೈಗೆ ಒಪ್ಪುವ ಹಾಗೆ. ನಾನು ಹೊಲಿದದ್ದನ್ನು ಅವಳು ಮೊದಲ ಸಲ ಹಾಕುವಾಗ ಯಾರದೋ ಅಕ್ಕನ ಬಟ್ಟೆ ಹಾಕಿದ ಹಾಗೆ ಕಾಣಬಾರದು.

ಹತ್ತನೇ ತಾರೀಕು ತನ್ನ ಲಾರಿ ಈ ಕಡೆ ಬರುತ್ತದೆಂದು ಮಾಮ ಹೇಳಿದ್ದಾನೆ. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರಲು ಮಾಮನಿಗೆ ಹೇಳು. ಬಟ್ಟೆ ಜಾಸ್ತಿ ತುಂಬಬೇಡ. ಇಲ್ಲಿ ನಾಲ್ಕಿವೆ.

ಕಾದು ಕೂತಿರುವ
ಮಗಳು


ಏಪ್ರಿಲ್ 18

ಅಜ್ಜಿ,

ನಾನು ಬಾಬಿನ್ ಬರೀತಿರೋದು. ನರ್ಸಜ್ಜಿ ಕವರು ಕೊಟ್ಟರು. ಅಮ್ಮಂಗೆ ಗೊತ್ತಿಲ್ಲ.

ನನ್ನನ್ನ ಕರಕೊಂಡು ಹೋಗು. ಅಮ್ಮ ಹೊಡೆದಳು. ಪರದೆ ಕತ್ತರಿಸಿದ್ದಕ್ಕೆ. ಪರದೆ ಸುಮ್ಮನೆ ನೆಲದ ಮೇಲೆ ಬಿದ್ದಿತ್ತು ಅಜ್ಜಿ, ಬಟ್ಟೆ ದಂಡ. ಫ್ರಾಕು ಯಾವುದೂ ನನಗೆ ಆಗಲ್ಲ. ಮೊಣಕಾಲಿಂದ ಮೇಲೆ ಬರತ್ತೆ, ಗುಂಡಿ ಹಾಕಿದರೆ ಉಸಿರು ಕಟ್ಟತ್ತೆ. ಬಿಚ್ಚಿ ನೋಡಿದೆ, ಒಳಗೆ ಬಟ್ಟೇನೇ ಬಿಟ್ಟಿಲ್ಲ. ನೀನು ಕಳಿಸಿದ ದಪ್ಪ ಬಟ್ಟೆ ಹಾಕೊಂಡ್ರೆ ಬೆವರುಸಾಲೆ. ಅದಕ್ಕೆ ನಾನು ಪರದೆ ಕತ್ತರಿಸಿ ನಾಲ್ಕಕ್ಕೂ ಕೆಳಗೆ ಪಟ್ಟಿ ಕೊಟ್ಟೆ. ಕಂಕುಳಿಗೆ ಚೌಕ ತುಂಡು ಹಾಕಿದೆ, ನೀನು ಹಾಕ್ತೀಯಲ್ಲ ಹಾಗೆ. ಮೂರು ದಿನ ಹಿಡೀತು. ದಿನಾ ಸ್ವಲ್ಪ ಸ್ವಲ್ಪ ಕತ್ತರಿಸಿದೆ, ಅಮ್ಮ ಕೊನೇ ದಿನಾನೇ ನೋಡಿದ್ದು. ಈಗ ಸರಿ ಆಗತ್ತೆ. ಒಂದರದ್ದು ಎಡಗಡೆ ಉದ್ದ.

ಅಮ್ಮ ಕೂತಲ್ಲೇ ನಿದ್ದೆ ಮಾಡ್ತಾಳೆ. ಬಾಯಿ ತೆಗೆದುಕೊಂಡು. ನಾನು ಮಾತಾಡ್ತಾ ಇರ್ತೀನಿ, ಅವಳು ಹೂಂ ಹೂಂ ಅಂತಾಳೆ, ನೋಡಿದ್ರೆ ನಿದ್ದೆ.

ಬೇಗ ಬಾ.

ಬಾಬಿನ್


ಏಪ್ರಿಲ್ 19

ಅಮ್ಮಾ,

ನೀನು ಗೆದ್ದೆ.

ಅವಳು ಬಂದ ದಿನವೇ ಫ್ರಾಕು ಹಾಕಿಸಿದೆ. ತಲೆಯಿಂದ ಇಳಿಯಲು ಒದ್ದಾಡಿತು. ಭುಜ ಬಿಗಿ, ಎದೆ ಕೂಡುವುದಿಲ್ಲ, ಉದ್ದ ಮೊಣಕಾಲಿನ ಮೇಲೆ. ಅವಳು ಉಸಿರು ಎಳೆದುಕೊಂಡು ನಿಂತಿದ್ದಳು, ನನಗೆ ಬೇಜಾರಾಗಬಾರದೆಂದು.  ಆಮೇಲೆ ಅವಳ ಬೆನ್ನಿಗೆ ದಾರ ಹಿಡಿದು ನೋಡಿದೆ. ಅದು ಏಳೂವರೆ ವರ್ಷದವಳ ಅಳತೆಯಲ್ಲ ಅಮ್ಮಾ. ನಲವತ್ತು ವರ್ಷ ಮಷಿನಿನ ಮುಂದೆ ಕೂತವಳು ನೀನು. ಕಣ್ಣಳತೆಯಲ್ಲೇ ಜನರ ಸೊಂಟ ಹೇಳುವವಳು. ಇದು ಕೈತಪ್ಪು ಅಂತ ನನಗೆ ಹೇಳಬೇಡ.

ಒಂದು ವಾರ ಹೇಗೋ ನಡೆಯಿತು. ನಾನು ಕೆಲಸಕ್ಕೆ ಹೋಗುತ್ತೇನೆ, ಅವಳು ನರ್ಸಮ್ಮನ ಮನೆಯಲ್ಲಿ ಇರುತ್ತಾಳೆ. ಆದರೆ ಸ್ವಲ್ಪ ಹೊತ್ತಿಗೆ ಮೇಲೆ ಬಂದುಬಿಡುತ್ತಾಳೆ. ಮಾತಾಡಬೇಕೆಂದು ದಿನವೆಲ್ಲ ಅಂದುಕೊಂಡು ಬರುತ್ತೇನೆ, ಬಂದು ಕೂತರೆ ನಾಲಿಗೆ ಏಳುವುದಿಲ್ಲ. ಮೊನ್ನೆ ಬಂದು ಬಾಗಿಲು ತೆಗೆದರೆ ರೂಮಿನ ತುಂಬಾ ಬಿಸಿಲು. ಪರದೆ ಒಂದು ಬದಿಗೆ ಕಿಟಕಿಯ ಅರ್ಧಕ್ಕೆ ನಿಂತಿದೆ, ಇನ್ನೊಂದು ಬದಿ ಸೊಟ್ಟಗೆ. ನಡುವೆ ಅವಳು ಕತ್ತರಿ ಹಿಡಿದು ಕೂತಿದ್ದಳು. ಆ ಪರದೆಗೆ ನಾನು ಎಷ್ಟು ದಿನ ಕಳೆದಿದ್ದೆ! ಕೈ ಎತ್ತಿದ್ದು ಗೊತ್ತೇ ಆಗಲಿಲ್ಲ. ಕೆನ್ನೆ ಮೇಲೆ ನನ್ನ ಬೆರಳು ಮೂಡಿದವು.

ಅವಳು ಅಳಲಿಲ್ಲ. "ಅಜ್ಜಿ ಆಗಿದ್ರೆ ಬಟ್ಟೆ ಹೀಗೆ ದಂಡ ಮಾಡ್ತಿರಲಿಲ್ಲ. ನಾನು ಅಜ್ಜಿ ಹತ್ರ ಹೋಗ್ತೀನಿ" ಎಂದಳು. ಅಷ್ಟೇ. ಅದಾದ ಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ.

ನನಗೆ ಸಾಕಾಗಿದೆ ಅಮ್ಮಾ. ಜಗಳ ಆಡುವುದಕ್ಕೂ ತ್ರಾಣವಿಲ್ಲ. ಮುಂದಿನ ಭಾನುವಾರ, ಮೂವತ್ತನೇ ತಾರೀಕು, ಮಾಮನ ಲಾರಿ ಇಲ್ಲಿಂದ ವಾಪಸ್ಸು ಹೊರಡುತ್ತದೆ. ಅವಳನ್ನು ಹತ್ತಿಸುತ್ತೇನೆ. ಕರಾರಿನ ಪ್ರಕಾರ ಮತ್ತೆ ಕೇಳುವುದಿಲ್ಲ.

ಮಗಳು


ಏಪ್ರಿಲ್ 25

ಮಗಳೇ,

ನಿನ್ನದೂ ಅವಳದೂ ಎರಡು ಕಾಗದ ಒಂದೇ ದಿನ ಬಂದವು. ಅವಳು ನಿನಗೆ ಹೇಳದೆ ಬರೆದಿದ್ದಾಳೆ, ಅದಕ್ಕೆ ಬೈಯಬೇಡ. ಮೊದಲು ಅವಳದು ಓದಿದೆ. ನಿನ್ನದನ್ನು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಕೈತಪ್ಪಲ್ಲ. ಗೊತ್ತಿದ್ದೂ ಮಾಡಿದ್ದು. ಮನೆಯವರ ಅಳತೆ ದಾರಗಳನ್ನು ನಾನು ಮೊಳೆಗೆ ತೂಗುಹಾಕುತ್ತೇನಲ್ಲ, ಅದರಲ್ಲಿ ಅವಳ ಐದೂವರೆ ವರ್ಷದ್ದೊಂದು ಇತ್ತು. ಅದನ್ನೇ ಕವರಿಗೆ ಹಾಕಿದೆ. ಮೂರು ದಿನ ಅವಳನ್ನು ಕರೆದೆ, ಬಂದು ಬೆನ್ನು ತಿರುಗಿಸಿ ನಿಂತಳು, ಅಲುಗಾಡದೆ ನಿಂತಳು. ಅವಳು ನಿಲ್ಲುವುದಿಲ್ಲ ಎಂದು ನಿನಗೆ ಬರೆದೆನಲ್ಲ, ಅದು ಸುಳ್ಳು. ನನ್ನ ಕೈಯೇ ಏಳಲಿಲ್ಲ. ಅಳತೆ ತೆಗೆದರೆ ಅವಳು ಹೋಗುವುದು ಖಾತ್ರಿ ಎಂದೆನ್ನಿಸಿತು. ಆಮೇಲೆ ಇನ್ನೂ ಕೆಟ್ಟ ಯೋಚನೆ ಬಂತು. ಫ್ರಾಕು ಆಗದಿದ್ದರೆ, ಅಮ್ಮನಿಗೆ ನನ್ನ ಅಳತೆಯೂ ಗೊತ್ತಿಲ್ಲ ಎಂದು ಅವಳಿಗೆ ಅನ್ನಿಸಲಿ ಎಂದುಕೊಂಡೆ. ಯಾವ ಗಿರಾಕಿಗೂ ಇಷ್ಟು ವರ್ಷದಲ್ಲಿ ತಪ್ಪು ಅಳತೆಯ ಬಟ್ಟೆ ಕೊಟ್ಟವಳಲ್ಲ ನಾನು. ಕೊಟ್ಟದ್ದು ನನ್ನ ಮಗಳಿಗೆ. ನಿನ್ನ ಮೇಲೆ ಹೊಟ್ಟೆಕಿಚ್ಚು. ಬೇರೆ ಏನು ಹೆಸರು ಹೇಳಲಿ ಅದಕ್ಕೆ?

ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಸರಿ ಮಾಡಬಹುದಿತ್ತು. ಹೇಳಿಯೂ ಇದ್ದೆ. ಅದೊಂದು ನಿನ್ನ ತಪ್ಪು, ಅದನ್ನು ನಾನು ಹೊರುವುದಿಲ್ಲ.

ಈಗ ನಾನು ಹೇಳುವುದನ್ನು ಕೇಳು. ನೀನು ಪರದೆ ಹೋಯಿತೆಂದು ಅದನ್ನೇ ನೋಡಿದೆ, ಫ್ರಾಕುಗಳನ್ನು ಸರಿಯಾಗಿ ನೋಡಲಿಲ್ಲ. ಅವಳ ಕಾಗದ ನೋಡಿದರೆ ನಾಲ್ಕಕ್ಕೂ ಪಟ್ಟಿ ಕೊಟ್ಟಿದ್ದಾಳೆ. ನಾಲ್ಕಕ್ಕೂ ಕಂಕುಳು ಬಿಚ್ಚಿ ಚೌಕ ಹಾಕಿದ್ದಾಳೆ. ಅಷ್ಟು ಪುಟ್ಟ ಕೈಗೆ ಅದು ಮೂರು ದಿನದ ಕೆಲಸ, ನನಗೇ ಬೇಸರ ಬರುತ್ತದೆ. ನಾಳೆ ಹೊರಡುವವಳು ಒಂದಕ್ಕೆ ಹೊಲಿದುಕೊಳ್ಳುತ್ತಾಳೆ, ಇವತ್ತಿಗೆ ಸಾಕೆಂದು. ನಾಲ್ಕಕ್ಕೆ ಹೊಲಿದವಳು ಬೇಸಿಗೆ ಪೂರ್ತಿ ಅಲ್ಲಿರಲು ಕೂತವಳು. ಹೊಡೆತ ಬಿದ್ದದ್ದು ಅದಾದ ಮೇಲೆ. ಅವಳು ನನ್ನನ್ನು ಕರೆದದ್ದು ಸಿಟ್ಟಿಗೆ. ಅದು ನಿನಗೆ ಅರ್ಥವಾಗಲಿಲ್ಲ, ನೀನು ದಣಿದಿದ್ದೆ. ನನಗೆ ಓದಿದ ತಕ್ಷಣ ಅರ್ಥವಾಯಿತು, ಆಮೇಲೆ ಎರಡು ದಿನ ಗೊತ್ತಿಲ್ಲದವಳ ಹಾಗೆ ಓಡಾಡಿದೆ. ಬೇಗ ಬಾ ಎಂದು ಅವಳೇ ಬರೆದಿದ್ದಾಳಲ್ಲ, ಹೋಗಿ ಕರೆದುಕೊಂಡು ಬಂದರೆ ಯಾರು ಏನೆನ್ನುತ್ತಾರೆ ಎಂದು ಪ್ರಯಾಣದ ಚೀಲವನ್ನೂ ಅಟ್ಟದಿಂದ ಕೆಳಗಿಳಿಸಿದೆ.

ಈ ಮನೆಯಲ್ಲಿ ಬೆಳಿಗ್ಗೆ ಅವಳು ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಶಾಲೆಗೆ ಹೋಗುತ್ತಿದ್ದಳು. ನನಗೆ ಸೂಜಿಯ ಕಣ್ಣು ಕಾಣುವುದಿಲ್ಲವೆಂದು ನಿನಗೆ ಯಾವತ್ತೂ ಹೇಳಿರಲಿಲ್ಲ. ಈಗ ಪಕ್ಕದ ಮನೆಯವಳನ್ನು ಕೇಳುತ್ತೇನೆ. ಅವಳು ಎರಡು ಪೋಣಿಸಿ ಮೂರನೆಯದಕ್ಕೆ ಮುಖ ಸಿಂಡರಿಸುತ್ತಾಳೆ. ಪರವಾಗಿಲ್ಲ, ಅಷ್ಟರಲ್ಲೇ ಆಗುವಷ್ಟು ಕೆಲಸ ಹಿಡಿಯುತ್ತೇನೆ.

ಭಾನುವಾರ ಅವಳನ್ನು ಲಾರಿಗೆ ಹತ್ತಿಸಬೇಡ. ದೊಡ್ಡತನಕ್ಕೆ ಹೇಳುತ್ತಿಲ್ಲ. ಅವಳು ಇಲ್ಲಿ ಬಂದು ಇಳಿದಳೆಂದರೆ ನಾನು ಮತ್ತೆ ಬಿಟ್ಟುಕೊಡುವುದಿಲ್ಲ, ನೀನು ಕಾಲಿಗೆ ಬಿದ್ದರೂ ಬಿಟ್ಟುಕೊಡುವುದಿಲ್ಲ. ನನ್ನ ಬುದ್ಧಿ ಏನೆಂದು ಈಗ ನಿನಗೂ ಗೊತ್ತು. ಆದ್ದರಿಂದ ಅವಳನ್ನು ನನ್ನ ಕೈಗೆ ಸಿಗದ ಹಾಗೆ ಇಟ್ಟುಕೋ. ಮಾಮನಿಗೂ ಹೇಳಿ ಕಳಿಸಿದ್ದೇನೆ, ಖಾಲಿ ಬಾ ಎಂದು.

ಹೊಡೆದದ್ದಕ್ಕೆ ತಪ್ಪಾಯಿತು ಎಂದು ಅವಳಿಗೆ ಹೇಳು. ಅಮ್ಮಂದಿರು ಹಾಗೆನ್ನುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಿನಗೆ ನಾನು ಒಂದು ದಿನವೂ ಅಂದದ್ದಿಲ್ಲ. ಈಗ ಅನ್ನುತ್ತಿದ್ದೇನೆ, ತಪ್ಪಾಯಿತು. ಸಂಜೆ ಬಂದು ಕೂತಾಗ ನಿದ್ದೆ ಬಂದರೆ ಅವಳ ಪಕ್ಕದಲ್ಲೇ ಮಲಗಿಬಿಡು, ಎದ್ದು ಕೂತು ರೂಮಿನ ಅಲಂಕಾರ ಮಾಡುವುದು ಸಾಕು. ಅಜ್ಜಿ ಯಾಕೆ ಬರಲಿಲ್ಲ ಎಂದು ಕೇಳಿದರೆ ಅಜ್ಜಿಗೆ ಸುಸ್ತಾಗಿದೆ ಅನ್ನು. ಸುಳ್ಳೇನೂ ಅಲ್ಲ.

ಇನ್ನೊಂದು. ಹದಿನೈದು ದಿನ ನನಗೆ ಕಾಗದ ಹಾಕಬೇಡ. ಉಂಡಳು, ಮಲಗಿದಳು, ನಕ್ಕಳು ಎಂದು ಒಂದಕ್ಷರವೂ ಬೇಡ, ಓದಿದರೆ ಹೊರಟು ಬಂದುಬಿಡುತ್ತೇನೆ. ಹದಿನಾರನೇ ದಿನ ಬರಿ. ಎಲ್ಲಾ ಬರಿ, ಒಂದೂ ಬಿಡದೆ.

ಅಮ್ಮ